ಎಲ್‌ಪಿ ಶಾಲೆಯಲ್ಲಿ ಎರಡು ದಿನದ ಸಹವಾಸ ಶಿಬಿರ: ಏನು ಮಾಡಿಸುವುದು, ಎಷ್ಟೆಷ್ಟು ಬೇಕು?

ಅಡ್ಕದ ಟೀಚರ್

ಕಾಸರಗೋಡಿನ ಬದಿಯಡ್ಕ ಹತ್ತಿರದ ಕನ್ನಡ ಮಾಧ್ಯಮ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಗೆ ಬೇಕಾಗಿ ಕೇಳುತ್ತಿದ್ದೇನೆ. ಮೂರು ಮತ್ತು ನಾಲ್ಕನೇ ತರಗತಿ ಸೇರಿ 42 ಮಕ್ಕಳು. ಜನವರಿ ಕೊನೆಯ ಶುಕ್ರವಾರ ಮಧ್ಯಾಹ್ನ ಶುರು, ಶನಿವಾರ ಸಂಜೆ ನಾಲ್ಕಕ್ಕೆ ಮುಕ್ತಾಯ ಎಂದು ಎಸ್‌ಆರ್‌ಜಿಯಲ್ಲಿ (ಶಾಲೆಯ ಟೀಚರ್‌ಗಳ ಸಭೆ) ಮಾತಾಗಿದೆ. ನಾವು ನಾಲ್ಕು ಮಂದಿ ಟೀಚರ್‌ಗಳು, ಪಿಟಿಎ (ಹೆತ್ತವರ ಮತ್ತು ಟೀಚರ್‌ಗಳ ಸಂಘ) ಮತ್ತು ಎಂಪಿಟಿಎಯಿಂದ (ತಾಯಂದಿರ ಸಂಘ) ಆರು ಮಂದಿ. ಒಟ್ಟು 52 ಬಾಯಿ. ಪೇಟೆಯಿಂದ ತರುವ ಸಾಮಾನು ಕಡಿಮೆ ಇರಬೇಕು. ಅಡಕೆ ಹಾಳೆ, ತೆಂಗಿನ ಗೆರಟೆ (ಚಿಪ್ಪು), ಮಣ್ಣು, ಕೋಲು ಇಂಥದರಲ್ಲೇ ಆಗುವ ಚಟುವಟಿಕೆ ಹೇಳಿ. ಮಕ್ಕಳೇ ಶಿಬಿರದ ಸುದ್ದಿ ಬರೆದು ಒಂದು ಗೋಡೆಪತ್ರಿಕೆ ತರಬೇಕೆಂದೂ ಉಂಟು. ರಾತ್ರಿ ಉಳಿಸಬೇಕಾ ಬೇಡವಾ ಎಂಬುದರಲ್ಲಿ ನಮ್ಮಲ್ಲೇ ಎರಡು ಪಕ್ಷ.

ಬಾಯಾರು ಮಾಷ್ಟ್ರು

ಟೀಚರೇ, ಹಾಳೆಯ ಮುಖವಾಡ ಇಟ್ಟುಕೊಳ್ಳಿ. ಜನವರಿಯಲ್ಲಿ ತೋಟದಲ್ಲಿ ಹಾಳೆ ಧಾರಾಳ, ಮಳೆಗಾಲದ ಹಾಗೆ ಕೊಳೆತು ಕಪ್ಪಾಗಿರುವುದಿಲ್ಲ. ಆದರೆ ಇದು ಒಂದು ಗಂಟೆಯ ಕೆಲಸ ಅಲ್ಲ. ಶುಕ್ರವಾರ ಕತ್ತರಿಸಿ ಬಗ್ಗಿಸಬೇಕು, ಶನಿವಾರ ಬಣ್ಣ. ಒಂದೇ ಸಲಕ್ಕೆ ಮುಗಿಸಲು ಹೊರಟರೆ ಒದ್ದೆ ಹಾಳೆಯ ಮೇಲೆ ಬಣ್ಣ ಹರಡಿ ಎಲ್ಲ ಮುಖವೂ ಒಂದೇ ಹಾಗೆ ಕಾಣುತ್ತದೆ.

ಬಿದ್ದು ಎರಡು ಮೂರು ದಿನದೊಳಗಿನ ಹಾಳೆ ಆರಿಸಿ. ಸೋಗೆಯ ಭಾಗ ಕಡಿದು ತೆಗೆದು, ಡ್ರಮ್ಮಿನ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ. ಹಾಳೆ ತೇಲುತ್ತದೆ, ಮೇಲೆ ಕಲ್ಲು ಹೇರಬೇಕು. ಪೂರ್ತಿ ಒಣಗಿದ್ದಾದರೆ ಒಂದು ಗಂಟೆ. ರಾತ್ರಿಯಿಡೀ ನೆನೆಹಾಕಿದರೆ ಮೆತ್ತಗಾಗುತ್ತದೆ ನಿಜ, ಆದರೆ ಲೋಳೆಯಾಗಿ ವಾಸನೆ ಬರುತ್ತದೆ, ಮುಖಕ್ಕೆ ಕಟ್ಟಿಕೊಳ್ಳುವ ವಸ್ತುವಲ್ಲವಾ. ನೆನೆದ ಮೇಲೆ ಬಟ್ಟೆಯಲ್ಲಿ ಒರೆಸಿ, 20 ಸೆಂ.ಮೀ. ಅಗಲ 28 ಸೆಂ.ಮೀ. ಉದ್ದಕ್ಕೆ ರಟ್ಟಿನ ಅಚ್ಚು ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯಲಿ. ನಾರು ಮೇಲಿಂದ ಕೆಳಗೆ ಹೋಗುವ ಹಾಗೆ ಅಚ್ಚು ಇಡಬೇಕು. ಅಡ್ಡ ಇಟ್ಟರೆ ಕೆನ್ನೆಯ ಕಡೆಗೆ ಬಗ್ಗುವುದಿಲ್ಲ, ಮುರಿಯುತ್ತದೆ.

ಹೆಚ್ಚು ಮುಖವಾಡ ಹಾಳಾಗುವುದು ಕಣ್ಣಿನಲ್ಲಿ. ಮಕ್ಕಳು ಕಣ್ಣನ್ನು ಮೀನಿನ ಆಕಾರಕ್ಕೆ ಬಿಡಿಸುತ್ತಾರೆ, ಎರಡು ತುದಿ ಮೊನೆ. ಆ ಮೊನೆಯಿಂದಲೇ ನಾರಿನ ನೇರಕ್ಕೆ ಸೀಳು ಹೋಗಿ ಹಣೆಯವರೆಗೆ ಬಾಯಿ ಬಿಡುತ್ತದೆ. ತೂತು ಗುಂಡಗೇ ಇರಲಿ, ಹತ್ತು ರೂಪಾಯಿ ನಾಣ್ಯದಷ್ಟು. ಮೀನಿನ ಆಕಾರವನ್ನು ಆಮೇಲೆ ಬಣ್ಣದಲ್ಲಿ ತೋರಿಸಬಹುದು. ದಾರದ ತೂತು ಅಂಚಿನಿಂದ ಎರಡು ಸೆಂ.ಮೀ. ಒಳಗೆ, ಹಿಂದಿನಿಂದ ಒಂದು ತುಂಡು ಬಟ್ಟೆ ಅಂಟಿಸಿ. ಕತ್ತಿಯ ಕೆಲಸ ಎಲ್ಲ ದೊಡ್ಡವರದು, ಮಕ್ಕಳ ಕೈಗೆ ಕತ್ತರಿ ಮಾತ್ರ.

ಒಣಗಿಸುವುದು ನೆರಳಲ್ಲಿ. ಬಿಸಿಲಿಗಿಟ್ಟರೆ ಅಗಲದ ಕಡೆಯಿಂದ ಸುರುಳಿ ಸುತ್ತಿಕೊಂಡು ಕೊಳವೆಯಾಗುತ್ತದೆ. ಎರಡು ಬದಿಯ ತೂತಿಗೆ ದಾರ ಹಾಕಿ, ಮುಖದ ಅಗಲಕ್ಕೆ ಬೇಕಾದಷ್ಟು ಬಾಗಿಸಿ ಕಟ್ಟಿ, ಒಳಗೆ ಮುದ್ದೆ ಮಾಡಿದ ಪೇಪರು ತುಂಬಿಟ್ಟರೆ ಬೆಳಿಗ್ಗೆ ಆಕಾರ ನಿಂತಿರುತ್ತದೆ.

ಪಿಟಿಎ ಪೆರ್ಲ

ಬಣ್ಣಕ್ಕೆ ಪೋಸ್ಟರ್ ಕಲರ್ ಡಬ್ಬಿ ತರಬೇಕಾಗಿಲ್ಲ. ಕೆಮ್ಮಣ್ಣು, ಇದ್ದಿಲ ಪುಡಿ, ಅರಿಶಿನ ಸಾಕು. ಕೆಮ್ಮಣ್ಣನ್ನು ಹಳೆ ಪಂಚೆಯಲ್ಲಿ ಜಾಲಿಸಿ, ಎರಡು ಚಮಚ ಮಣ್ಣಿಗೆ ಒಂದು ಚಮಚ ಫೆವಿಕಾಲ್, ನೀರು ದೋಸೆ ಹಿಟ್ಟಿನ ಹದಕ್ಕೆ. ಗೋಂದು ಕಡಿಮೆಯಾದರೆ ಒಣಗಿದ ಮೇಲೆ ಕೈಗೆ ಬಣ್ಣ ಬರುತ್ತದೆ. ಹಾಳೆಯ ಒಳಮೈ ನಯ, ಬಣ್ಣ ಹಿಡಿಯುವುದಿಲ್ಲ. ಮೊದಲು ಸ್ಯಾಂಡ್‌ಪೇಪರಿನಲ್ಲಿ ನಾಲ್ಕು ಸಲ ಉಜ್ಜಿ.

ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಓಕುಳಿಯ ಕೆಂಪು. ಅದನ್ನು ಟೀಚರ್ ಎಲ್ಲರೆದುರು ಮಾಡಿ ತೋರಿಸಿದರೆ ವಿಜ್ಞಾನದ ಪಾಠವೂ ಆಯಿತು. ಸುಣ್ಣದ ಪಾತ್ರೆ ಮಾತ್ರ ಮಕ್ಕಳ ಹತ್ತಿರ ಬೇಡ, ಕಣ್ಣಿಗೆ ಹಾರಿದರೆ ದೊಡ್ಡ ಅಪಾಯ. ಇನ್ನೊಂದು, ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಮಾರ್ಚಿನ ವಾರ್ಷಿಕೋತ್ಸವಕ್ಕೆ ಅದೇ ಮುಖವಾಡ ಎಂಬ ಲೆಕ್ಕಾಚಾರ ಇದ್ದರೆ ಒಳಗೆ ತೆಗೆದಿಡಿ.

ಆಕಾಶಬುಟ್ಟಿ

ಶನಿವಾರ ಹಗಲಿಗೆ ನೆರಳಿನ ಕೋಲು. ಖರ್ಚು ಸೊನ್ನೆ, ಗಣಿತ ತುಂಬ.

ಒಂದು ಮೀಟರ್ ಕೋಲು ಅಂಗಳದಲ್ಲಿ ನೆಟ್ಟಗೆ ನಿಲ್ಲಬೇಕು. ಬಕೆಟಿನಲ್ಲಿ ಮರಳು ತುಂಬಿ ಅದರಲ್ಲಿ ಊರುವವರಿದ್ದಾರೆ. ಆಗ ಬಕೆಟಿನ ಎತ್ತರ ಲೆಕ್ಕ ತಪ್ಪಿಸುತ್ತದೆ, ಅದರ ನೆರಳೂ ಅಡ್ಡ ಬರುತ್ತದೆ. ಕೋಲನ್ನು ನೆಲಕ್ಕೇ ಊರಿ, ಮಣ್ಣಿನಿಂದ ಮೇಲೆ ಸರಿಯಾಗಿ 100 ಸೆಂ.ಮೀ. ಉಳಿಯುವ ಹಾಗೆ ಅಳೆಯಿರಿ. ದಾರಕ್ಕೆ ಕಲ್ಲು ಕಟ್ಟಿ ಎರಡು ಬದಿಯಿಂದ ತೂಗು ಹಿಡಿದರೆ ವಾಲಿದೆಯಾ ಎಂದು ಗೊತ್ತಾಗುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ಅಂಗಳ ಇಳಿಜಾರಾಗಿದ್ದರೆ ಜಗಲಿಯ ಮುಂದಿನ ಸಿಮೆಂಟಿನ ಜಾಗವೇ ಒಳ್ಳೆಯದು. ಅಲ್ಲಿ ಕೋಲಿಗೆ ಹಲಗೆಯ ತಳ ಮಾಡಿ ಮೊಳೆ ಹೊಡೆಯಬೇಕು, ಹಲಗೆಯ ದಪ್ಪವೂ ಆ ನೂರರಲ್ಲಿ ಸೇರಬೇಕು.

ಹತ್ತಕ್ಕೆ ಶುರು ಮಾಡಿ ಕಾಲು ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲಿಟ್ಟು ಸಮಯ ಬರೆಯಲಿ. ಜನವರಿ ಕೊನೆಯಲ್ಲಿ ನಮ್ಮ ಕಡೆ ಹತ್ತೂವರೆಗೆ ನೆರಳು ಹೆಚ್ಚುಕಡಿಮೆ ಕೋಲಿನಷ್ಟೇ ಉದ್ದ. ಅತಿ ಗಿಡ್ಡ ನೆರಳು ಹನ್ನೆರಡಕ್ಕಲ್ಲ, ಸುಮಾರು 12:43ಕ್ಕೆ, ಆಗ 60 ಸೆಂ.ಮೀ.ಯ ಹತ್ತಿರ. ಎಲ್ಲರೂ ಎಡವುವುದು ಇಲ್ಲಿಯೇ. ಹನ್ನೆರಡಕ್ಕೆ ಅಳೆದು ಬೆಲ್ಲು ಹೊಡೆದು ಊಟಕ್ಕೆ ಬಿಡುತ್ತಾರೆ, ಗಿಡ್ಡ ನೆರಳು ಯಾರಿಗೂ ಸಿಗುವುದಿಲ್ಲ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಾಸರಗೋಡು 75 ಡಿಗ್ರಿಯ ಹತ್ತಿರ. ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಅರ್ಧ ಗಂಟೆ ತಡ, ಉಳಿದ 13 ನಿಮಿಷ ವರ್ಷದ ಆ ಹೊತ್ತಿಗೆ ಸೂರ್ಯನೇ ಹಿಂದೆ ಬೀಳುವುದರಿಂದ. ನಾಲ್ಕನೆಯವರಿಗೆ ಇಷ್ಟೆಲ್ಲ ಬೇಡ, "ಗಡಿಯಾರದ ಹನ್ನೆರಡು ಬೇರೆ, ಸೂರ್ಯನ ಹನ್ನೆರಡು ಬೇರೆ" ಎಂದರೆ ಸಾಕು. ಊಟ ಒಂದು ಗಂಟೆಗೆ ಇಡಿ.

ಹತ್ತೂವರೆಯ ನೆರಳಿನ ಉದ್ದಕ್ಕೆ ದಾರ ಹಿಡಿದು ಕೋಲಿನ ಸುತ್ತ ವೃತ್ತ ಎಳೆದಿಟ್ಟಿರಿ. ಮಧ್ಯಾಹ್ನ ಮೂರರ ಹೊತ್ತಿಗೆ ನೆರಳು ಮತ್ತೆ ಆ ವೃತ್ತವನ್ನು ಮುಟ್ಟುತ್ತದೆ. ಎರಡು ಬಿಂದು ಸೇರಿಸಿದರೆ ಪೂರ್ವ ಪಶ್ಚಿಮದ ಗೆರೆ ಸಿದ್ಧ. ಶಾಲೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಮಕ್ಕಳೇ ಹೇಳಲಿ. ಫೋನಿನ ದಿಕ್ಸೂಚಿ ಇಟ್ಟು ನೋಡುವುದಾದರೆ ಕಬ್ಬಿಣದ ಗೇಟಿನಿಂದ ದೂರ ಇಡಿ.

ಪದವಿನಂಚು

ಸೂರ್ಯ ನೆತ್ತಿಯ ಮೇಲೆ ಬಂದು ಕೋಲಿಗೆ ನೆರಳೇ ಇಲ್ಲದಾಗುವ ಶೂನ್ಯ ನೆರಳಿನ ದಿನವನ್ನೇ ಹಿಡಿಯಬಹುದಲ್ಲ ಮಾಷ್ಟ್ರೇ?

ಆಕಾಶಬುಟ್ಟಿ

ನಮಗೆ ಅದು ಏಪ್ರಿಲ್ 23ರ ಆಸುಪಾಸು, ಆಮೇಲೆ ಆಗಸ್ಟ್ 20ರ ಆಸುಪಾಸು. ಮೊದಲನೆಯದು ರಜೆಯಲ್ಲಿ, ಎರಡನೆಯದು ಮೋಡದಲ್ಲಿ. ಕೇರಳದ ಶಾಲಾ ಕ್ಯಾಲೆಂಡರಿಗೂ ಸೂರ್ಯನಿಗೂ ಅಷ್ಟು ಹೊಂದಾಣಿಕೆ ಇಲ್ಲ.

ಪದವಿನಂಚು

ಸರಿ ಹಾಗಾದರೆ. ಮಣ್ಣಿನ ಕೆಲಸಕ್ಕೆ ಸುರಂಗದ ಮಾದರಿ ಹೇಳುತ್ತೇನೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆಯುವ ಸುರಂಗ. ಊರಿನದೇ ವಿಷಯ, ಪರಿಸರ ಪಾಠಕ್ಕೂ ಹೊಂದುತ್ತದೆ. ನಿಜವಾದ ಸುರಂಗದ ಒಳಗೆ ಮಕ್ಕಳನ್ನು ಇಳಿಸುವುದು ಬೇಡವೇ ಬೇಡ. ಮಣ್ಣು ಕುಸಿಯುತ್ತದೆ, ಒಳಗೆ ಗಾಳಿ ಕಡಿಮೆ, ಬಾವಲಿ ಇರುತ್ತದೆ. ಹೊರಗೆ ನಿಂತು ನೀರು ಬರುವುದು ನೋಡಿದರೆ ಸಾಕು.

ಮಾದರಿಗೆ ಒಂದು ಅಡಿ ಎತ್ತರದ ಹಳೆ ಪ್ಲಾಸ್ಟಿಕ್ ಡಬ್ಬ, ಒಂದು ಬದಿ ಕತ್ತರಿಸಿದ್ದು. ತಳಕ್ಕೆ 6 ಸೆಂ.ಮೀ. ಜೇಡಿಮಣ್ಣು, ಚೆನ್ನಾಗಿ ಒತ್ತಿ, ಕತ್ತರಿಸಿದ ಬದಿಯ ಕಡೆಗೆ ತುಸು ಇಳಿಜಾರಾಗಿ. ಅದರ ಮೇಲೆ 15 ಸೆಂ.ಮೀ. ಮುರಕಲ್ಲಿನ ಪುಡಿ ಮತ್ತು ಮರಳು ಸಮಸಮ, ಒದ್ದೆ ಮಾಡಿ ಒತ್ತಿದ್ದು. ಸುರಂಗಕ್ಕೆ ಪಪ್ಪಾಯಿ ಎಲೆಯ ದಂಟು ಒಂದು ಗೇಣು, ಮೇಲ್ಭಾಗಕ್ಕೆ ಸೂಜಿಯಿಂದ ಹತ್ತು ಹದಿನೈದು ತೂತು. ಅದನ್ನು ಜೇಡಿಯ ಮೇಲೆಯೇ ಮಲಗಿಸಬೇಕು, ಹೊರತುದಿ ತಗ್ಗಿ. ಈಗ ಮೇಲಿನಿಂದ ಗೆರಟೆಗೆ ತೂತು ಮಾಡಿ ಮಳೆ ಸುರಿಸಿ.

ಮೊದಲ ಮೂರು ನಾಲ್ಕು ಗೆರಟೆ ನೀರಿಗೆ ಏನೂ ಬರುವುದಿಲ್ಲ. ಮಕ್ಕಳು "ಹಾಳಾಯಿತು" ಎಂದು ಎದ್ದು ಹೋಗುವ ಹೊತ್ತು ಅದೇ. ಮಣ್ಣು ಕುಡಿಯುತ್ತಿದೆ, ಅಷ್ಟೇ. ಆಮೇಲೆ ದಂಟಿನ ಬಾಯಲ್ಲಿ ಮೊದಲ ಹನಿ. ಮಳೆ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ತೊಟ್ಟಿಕ್ಕುತ್ತದೆ. ಅದನ್ನೇ ಎಣಿಸಿ ಬರೆಯಲಿ, ನಿಮಿಷಕ್ಕೆ ಎಷ್ಟು ಹನಿ, ಐದು ನಿಮಿಷ ಕಳೆದ ಮೇಲೆ ಎಷ್ಟು. ನೀರೇ ಬಾರದಿದ್ದರೆ ದಂಟು ಜೇಡಿಗಿಂತ ಮೇಲೆ ಎದ್ದಿರುತ್ತದೆ, ನೀರು ಅದರ ಅಡಿಯಿಂದ ಹೋಗಿರುತ್ತದೆ. ಕೆಸರು ಬಂದರೆ ಸೂಜಿಯ ಬದಲು ಮೊಳೆಯಿಂದ ತೂತು ಮಾಡಿದ್ದಾರೆ ಎಂದರ್ಥ.

ಅಡ್ಕದ ಟೀಚರ್

ಇದು ತುಂಬ ಒಳ್ಳೆಯದಾಯಿತು. ಡಬ್ಬ ಎಷ್ಟು ಬೇಕು?

ಪದವಿನಂಚು

ಏಳು ಮಕ್ಕಳಿಗೆ ಒಂದರಂತೆ ಆರು. ಹತ್ತು ಮಕ್ಕಳ ಗುಂಪಾದರೆ ಮೂವರು ಮಣ್ಣು ಮುಟ್ಟುತ್ತಾರೆ, ಏಳು ಮಂದಿ ಜಗಳ ಆಡುತ್ತಾರೆ. ಜೇಡಿಮಣ್ಣು ಗದ್ದೆ ಬದಿಯಿಂದ ಮೂರು ಬುಟ್ಟಿ ತರಿಸಿ, ತೋಟದ ಮಣ್ಣು ಆಗುವುದಿಲ್ಲ.

ಒಲೆಮುಂದೆ

ಊಟದ ಲೆಕ್ಕ ನಾನು ಹೇಳುತ್ತೇನೆ. ಎಲ್‌ಪಿ ಮಕ್ಕಳಿಗೆ ಬಿಸಿಯೂಟದ ಅಳತೆ ತಲಾ 100 ಗ್ರಾಂ ಅಕ್ಕಿ. ಅದೇ ಹಿಡಿದರೆ 4.2 ಕೆ.ಜಿ., ದೊಡ್ಡವರು ಹತ್ತು ಮಂದಿಗೆ 150 ಗ್ರಾಂನಂತೆ ಒಂದೂವರೆ, ಒಟ್ಟು 6 ಕೆ.ಜಿ. ಎಂದು ಇಟ್ಟುಕೊಳ್ಳಿ. ಬಿಸಿಯೂಟದ ಅಕ್ಕಿ ಹಾಜರಿಯ ಲೆಕ್ಕಕ್ಕೆ ಸೇರಿದ್ದು, ಶಿಬಿರಕ್ಕೆ ಬೇರೆಯೇ ತರಿಸಿ. ಎರಡನ್ನು ಒಂದೇ ಗೋಣಿಯಲ್ಲಿ ಇಟ್ಟರೆ ತಿಂಗಳ ಕೊನೆಗೆ ತಲೆನೋವು ಮುಖ್ಯೋಪಾಧ್ಯಾಯರಿಗೆ.

ಶುಕ್ರವಾರ ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಹಪ್ಪಳ. ನೀರು 30 ಲೀಟರ್. 50 ಲೀಟರಿನ ಒಂದೇ ಪಾತ್ರೆಗಿಂತ 25ರ ಎರಡು ಒಳ್ಳೆಯದು. ದೊಡ್ಡದನ್ನು ಇಳಿಸಲು ನಾಲ್ಕು ಕೈ ಬೇಕು, ಅಡಿ ಹಿಡಿದರೆ ಇಡೀ ಗಂಜಿಗೆ ಸೀದ ವಾಸನೆ. ಹೆಸರುಕಾಳು ಒಂದೂವರೆ ಕೆ.ಜಿ., ಬೆಳಿಗ್ಗೆಯೇ ನೆನೆಹಾಕಿ. ಕಾಯಿ ಮೂರು. ಕಾಳು ಒಡೆಯುವಷ್ಟು ಬೆಂದರೆ ಸಾಕು, ಇನ್ನೂ ಬಿಟ್ಟರೆ ಅದು ಪಲ್ಯ ಅಲ್ಲ, ಪಾಯಸಕ್ಕೆ ಬೆಲ್ಲ ಮಾತ್ರ ಬಾಕಿ.

ಶನಿವಾರ ಬೆಳಿಗ್ಗೆ ಅವಲಕ್ಕಿ. ತೆಳು ಅವಲಕ್ಕಿ 3 ಕೆ.ಜಿ., ಕಾಯಿ ಐದು, ಬೆಲ್ಲ ಒಂದೂಕಾಲು ಕೆ.ಜಿ., ಏಲಕ್ಕಿ. ಕಾಯಿತುರಿಗೆ ಬೆಲ್ಲ ಹಾಕಿ ಕೈಯಲ್ಲಿ ಹಿಸುಕಿ ನೀರೊಡೆದ ಮೇಲೆ ಅವಲಕ್ಕಿ ಬೆರೆಸಿ, ಬಡಿಸುವ ಕಾಲು ಗಂಟೆ ಮೊದಲು ಮಾತ್ರ. ರಾತ್ರಿಯೇ ತುರಿದಿಡುವ ಉಪಾಯ ಬೇಡ, ಸೆಕೆಗೆ ಹುಳಿ ಬರುತ್ತದೆ. ಜೊತೆಗೆ ತಲಾ ಒಂದು ಕದಳಿ ಹಣ್ಣು.

ಮಧ್ಯಾಹ್ನಕ್ಕೆ ಅನ್ನ, ಸೌತೆಕಾಯಿ ಸಾಂಬಾರು, ಮಜ್ಜಿಗೆ. ಅಕ್ಕಿ ಮತ್ತೆ 6 ಕೆ.ಜಿ., ತೊಗರಿಬೇಳೆ ಒಂದು ಕೆ.ಜಿ., ಸೌತೆ ನಾಲ್ಕು ಕೆ.ಜಿ., ಮಸಾಲೆಗೆ ಕಾಯಿ ಮೂರು. ಮೊಸರು 4 ಲೀಟರ್, ನೀರು 8 ಲೀಟರ್, ಶುಂಠಿ, ಕರಿಬೇವು.

ಕುಡಿಯುವ ನೀರಿನ ಮಾತು ಊಟಕ್ಕಿಂತ ದೊಡ್ಡದು. ದಿನಕ್ಕೆ 100 ಲೀಟರ್ ಬೇಕು. ಕುದಿಸಿ ಜೀರಿಗೆ ಹಾಕುತ್ತೀರಿ, ಸರಿ. ಆದರೆ ಬಿಸಿ ಇದೆಯೆಂದು ಅದಕ್ಕೆ ಬಾವಿಯ ತಣ್ಣೀರು ಬೆರೆಸುವುದುಂಟು, ಆಗ ಕುದಿಸಿದ್ದೆಲ್ಲ ದಂಡ. ಕಾಮಾಲೆ ಹರಡುವುದು ಹಾಗೆ. ಮಜ್ಜಿಗೆಯ ಆ 8 ಲೀಟರೂ ಕುದಿಸಿ ಆರಿಸಿದ್ದೇ ಆಗಬೇಕು. ಶುಕ್ರವಾರ ಬೆಳಿಗ್ಗೆಯೇ ಕುದಿಸಿ, ಮುಚ್ಚಿಟ್ಟು, ತನ್ನಷ್ಟಕ್ಕೆ ಆರಲು ಬಿಡಿ. ನಳ್ಳಿ ಇರುವ ಪಾತ್ರೆಯಲ್ಲಿ ಇಟ್ಟರೆ ಮಕ್ಕಳು ಲೋಟ ಮುಳುಗಿಸುವುದು ತಪ್ಪುತ್ತದೆ.

ಪಿಟಿಎ ಪೆರ್ಲ

ರಾತ್ರಿ ಉಳಿಸುವ ವಿಷಯ. ಉಳಿಸಿ ಅಂತಲೇ ನನ್ನ ಅಭಿಪ್ರಾಯ. ಮನೆಯಿಂದ ಒಂದು ರಾತ್ರಿ ದೂರ ಇರುವುದೇ ಶಿಬಿರದ ರುಚಿ.

ಬಾಯಾರು ಮಾಷ್ಟ್ರು

ಯುಪಿ (ಐದರಿಂದ ಏಳನೇ ತರಗತಿ) ಮಕ್ಕಳಿಗೆ ಸರಿ ಅಣ್ಣಾ. ಎಂಟು ವರ್ಷದವರಿಗೆ ಬೇಡ. ಹನ್ನೊಂದು ಗಂಟೆಗೆ ಒಬ್ಬ ಅಳಲು ಶುರು ಮಾಡಿದರೆ ಅರ್ಧ ಗಂಟೆಯೊಳಗೆ ಆರು ಮಂದಿ. ಶೌಚಾಲಯ ಅಂಗಳದ ಆಚೆ ಇರುವ ಶಾಲೆಯಲ್ಲಿ ರಾತ್ರಿ ಒಬ್ಬೊಬ್ಬರನ್ನೇ ಕರೆದೊಯ್ಯಲು ಇಬ್ಬರು ಎಚ್ಚರ ಇರಬೇಕು, ಮರುದಿನ ಆ ಇಬ್ಬರು ಕೆಲಸಕ್ಕೆ ಸಿಗುವುದಿಲ್ಲ. ಎಂಟೂಕಾಲಕ್ಕೆ ಮುಗಿಸಿ, ಹೆತ್ತವರು ಬಂದು ಸಹಿ ಹಾಕಿ ಕರೆದುಕೊಂಡು ಹೋಗಲಿ. ಉಳಿಸಲಿ ಬಿಡಲಿ, ಹೆತ್ತವರ ಒಪ್ಪಿಗೆ ಪತ್ರ ಬೇಕು, ಉಪಜಿಲ್ಲಾ ವಿದ್ಯಾಧಿಕಾರಿಯ ಕಚೇರಿಗೆ ಮೊದಲೇ ತಿಳಿಸಬೇಕು. ಆ ಪತ್ರದಲ್ಲೇ ಅಲರ್ಜಿ, ದಿನವೂ ತೆಗೆದುಕೊಳ್ಳುವ ಮದ್ದು, ಯಾರು ಕರೆದುಕೊಂಡು ಹೋಗುತ್ತಾರೆ ಎಂಬ ಮೂರು ಸಾಲು ಇರಲಿ.

ಶಿಬಿರಾಗ್ನಿ ಎಂದು ದೊಡ್ಡ ಬೆಂಕಿ ಹಾಕಬೇಡಿ. ಜನವರಿಯಲ್ಲಿ ಪದವಿನ (ಗುಡ್ಡದ ಮೇಲಿನ ಬಯಲಿನ) ಮುಳಿಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಸುತ್ತ ಮೂರು ಮೀಟರ್ ಗುಡಿಸಿ, ಎರಡು ಬಕೆಟ್ ನೀರು ಪಕ್ಕಕ್ಕಿಟ್ಟು, ಮೊಣಕಾಲೆತ್ತರದ ಬೆಂಕಿ ಸಾಕು. ಸೀಮೆಎಣ್ಣೆ ಬೇಡ, ಒಣ ಸೋಗೆಯೇ ಹೊತ್ತಿಕೊಳ್ಳುತ್ತದೆ.

ಆಕಾಶಬುಟ್ಟಿ

ಬೆಂಕಿಗೆ ಮೊದಲು ನಕ್ಷತ್ರ. ಬೆಂಕಿ ನೋಡಿದ ಕಣ್ಣಿಗೆ ಹತ್ತು ಹದಿನೈದು ನಿಮಿಷ ಏನೂ ಕಾಣುವುದಿಲ್ಲ. ಏಳೂವರೆಗೆ ಅಂಗಳದ ದೀಪ ಆರಿಸಿ, ಚಾಪೆಯ ಮೇಲೆ ಮಲಗಿಸಿ. ಸುತ್ತ ತೆಂಗು ಕಂಗು ಇದ್ದರೂ ತೊಂದರೆ ಇಲ್ಲ, ನೆತ್ತಿಯ ಹತ್ತಿರವೇ ಕೃತ್ತಿಕೆ ಇರುತ್ತದೆ, ಸಣ್ಣ ಗೊಂಚಲು. ಎಷ್ಟು ಚುಕ್ಕಿ ಎಂದು ಎಣಿಸಲಿ, ಹೆಚ್ಚಿನವರಿಗೆ ಆರು ಸಿಗುತ್ತದೆ. ಅಲ್ಲಿಂದ ಪೂರ್ವಕ್ಕೆ ಜಾರಿದರೆ ಕೆಂಪು ಛಾಯೆಯ ರೋಹಿಣಿ, ಆಮೇಲೆ ಸಾಲಾಗಿ ಮೂರು ಚುಕ್ಕಿ, ಅದರ ಉತ್ತರಕ್ಕೆ ಕೆಂಪಗೆ ಆರ್ದ್ರೆ, ಆಗ್ನೇಯದಲ್ಲಿ ತುಸು ಕೆಳಗೆ ಎಲ್ಲಕ್ಕಿಂತ ಪ್ರಕಾಶದ ಲುಬ್ಧಕ. ರೋಹಿಣಿ, ಮೃಗಶಿರ, ಆರ್ದ್ರೆ ಎಂದರೆ ಅಜ್ಜಂದಿರು ಹೇಳುವ ಮಳೆಯ ಹೆಸರು. ಸೂರ್ಯ ಆ ನಕ್ಷತ್ರದಲ್ಲಿರುವಾಗ ಬರುವ ಮಳೆ ಅದು ಎಂದು ಅಲ್ಲೇ ಹೇಳಿಬಿಡಿ.

ಹುಣ್ಣಿಮೆಯ ದಿನ ಅಥವಾ ಅದಕ್ಕೆ ಮೊದಲಿನ ನಾಲ್ಕು ದಿನವಾದರೆ ಕೃತ್ತಿಕೆ ಮಸುಕು. ಕ್ಯಾಲೆಂಡರ್ ನೋಡಿ ದಿನ ಹಿಡಿಯಿರಿ. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಸುತ್ತಿ, ಒಂದೇ ಟಾರ್ಚ್ ಸಾಕು.

ಕರಿಹಲಗೆ

ಗೋಡೆಪತ್ರಿಕೆಯ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಕೊನೆಯ ಅರ್ಧ ಗಂಟೆಗೆ ಬಿಟ್ಟರೆ ಟೀಚರ್ ಹೇಳಿದ್ದನ್ನು ಚೆಂದದ ಅಕ್ಷರದವರು ಬರೆಯುವುದಷ್ಟೇ ಆಗುತ್ತದೆ. ಶುಕ್ರವಾರ ಮೊದಲ ಹತ್ತು ನಿಮಿಷದಲ್ಲೇ ಪತ್ರಿಕೆ ಶುರುವಾಗಬೇಕು.

ಎ4 ಕಾಗದವನ್ನು ನಾಲ್ಕು ತುಂಡು ಮಾಡಿ ಚೀಟಿ ಕಟ್ಟು ಮಾಡಿ. ಗುಂಪಿಗೆ ಇಬ್ಬರು ವರದಿಗಾರರು, ಪ್ರತಿ ಚಟುವಟಿಕೆಗೆ ಬದಲಾಗಬೇಕು. ಚೀಟಿಯಲ್ಲಿ ಏನು, ಎಲ್ಲಿ, ಯಾವಾಗ, ಯಾರು, ಹೇಗೆ ಎಂದು ಮೊದಲೇ ಬರೆದಿರಲಿ. ಎರಡು ನಿಯಮ. ಪ್ರತಿ ಸುದ್ದಿಯಲ್ಲಿ ಒಂದು ಸಂಖ್ಯೆ ಇರಬೇಕು. "ಖುಷಿಯಾಯಿತು", "ಚೆನ್ನಾಗಿತ್ತು" ಎಂಬ ಪದ ಬರಬಾರದು. ಈ ಎರಡನೆಯ ನಿಯಮ ಇಲ್ಲದಿದ್ದರೆ 42 ಚೀಟಿಯಲ್ಲೂ ಅದೊಂದೇ ವಾಕ್ಯ. ಇದ್ದರೆ ಇಂಥದು ಬರುತ್ತದೆ:

"ಅಡುಗೆ ಕೋಣೆಯಲ್ಲಿ ಎರಡು ದಿನದಲ್ಲಿ ಹದಿಮೂರು ಕಾಯಿ ಒಡೆದರು. ಎರಡು ಕೊಳೆತಿತ್ತು. ಕೊಳೆತದ್ದನ್ನು ಕಾಗೆ ತಿನ್ನಲಿಲ್ಲ."

ಕಾಗದ ಸಾಮಾನ್ಯ ಚಾರ್ಟ್, 56 ಸೆಂ.ಮೀ.ಗೆ 71 ಸೆಂ.ಮೀ. ಅಡ್ಡ ಹಿಡಿದು ಮೂರು ಅಂಕಣ. ನೇರ ಚಾರ್ಟಿನ ಮೇಲೆ ಬರೆಸಬೇಡಿ. ಒಬ್ಬ ತಪ್ಪು ಬರೆದರೆ ಇಡೀ ಪುಟ ಹಾಳು, ಒಂದು ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಬಗ್ಗಲೂ ಆಗುವುದಿಲ್ಲ. 16 ಸೆಂ.ಮೀ. ಅಗಲದ ಪಟ್ಟಿಗಳಲ್ಲಿ ಬರೆಸಿ, ಕೊನೆಗೆ ಮೈದಾ ಅಂಟಿನಲ್ಲಿ ಅಂಟಿಸಿ. ಅಂಟಿಗೆ ಚಿಟಿಕೆ ಮೈಲುತುತ್ತು ಹಾಕುವ ಹಳೆ ರೂಢಿ ಮಕ್ಕಳ ಕೈಯಲ್ಲಿ ಬೇಡ, ಅದು ವಿಷ. ಅಂದಂದೇ ಕಾಯಿಸಿ ಮಾಡಿದರೆ ಆಯಿತು. ತಪ್ಪಕ್ಷರ ತಿದ್ದುವುದು ಚೀಟಿಯಲ್ಲಿ, ಪಟ್ಟಿಯಲ್ಲಿ ಅಲ್ಲ. ವಾಕ್ಯ ತಿದ್ದಬೇಡಿ, ಕಾಗುಣಿತ ಮಾತ್ರ ತಿದ್ದಿ.

ಒಂದು ಅಂಕಣ ನುಡಿಗೆ ಇಡಿ. ನಮ್ಮ ತರಗತಿಗಳಲ್ಲಿ ಮನೆಮಾತು ಐದಾರು. ಹಲಸಿನ ಚಿತ್ರ ಬರೆದು ಸುತ್ತ ಬರೆಯಲಿ: ತುಳುವಿನಲ್ಲಿ ಪೆಲಕಾಯಿ, ಮಲಯಾಳದಲ್ಲಿ ಚಕ್ಕ, ಕೊಂಕಣಿಯಲ್ಲಿ ಪೊಣಸು, ಮರಾಠಿಯಲ್ಲಿ ಫಣಸ. ಬೆಕ್ಕಿಗೆ ತುಳುವಿನ ಪುಚ್ಚೆ, ಮಲಯಾಳದ ಪೂಚ್ಚ, ಮರಾಠಿಯ ಮಾಂಜರ. ಯಾವುದು ಯಾವುದರ ಹತ್ತಿರ ಎಂದು ಅವರೇ ಗೆರೆ ಎಳೆಯುತ್ತಾರೆ. ತರಗತಿಯಲ್ಲಿ ಬಾಯಿ ಬಿಡದ ಮಗು ಈ ಅಂಕಣಕ್ಕೆ ಓಡಿ ಬರುತ್ತದೆ.

ಬದಿಯಡ್ಕದವರಾದ್ದರಿಂದ ಇನ್ನೊಂದು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ಕವಿ, ಅಧ್ಯಾಪಕರೂ ಹೌದು. ಹುಟ್ಟಿದ್ದು 8-6-1915, ತೀರಿಕೊಂಡದ್ದು 9-8-2015. "ಎಷ್ಟು ವರ್ಷ, ತಿಂಗಳು, ದಿನ ಬದುಕಿದ್ದರು?" ಎಂದು ಪತ್ರಿಕೆಯ ಮೂಲೆಯಲ್ಲಿ ಲೆಕ್ಕ ಹಾಕಿ. ಉತ್ತರ 100 ವರ್ಷ, 2 ತಿಂಗಳು, 1 ದಿನ. ಯಾವ ಮನೆಯಿಂದಲೂ ಸಾಲ ಮಾಡದೆ ಬರುವ ವ್ಯವಕಲನ, ನಾಲ್ಕನೆಯವರಿಗೆ ಹದವಾದದ್ದು.

ಅಡ್ಕದ ಟೀಚರ್

ಎಲ್ಲರಿಗೂ ಉಪಕಾರ ಆಯಿತು. ಈಗ ಹೀಗೆ ಬರೆದಿಟ್ಟಿದ್ದೇನೆ. ಶುಕ್ರವಾರ 1:45ಕ್ಕೆ ಗುಂಪು, ಚೀಟಿ. ಎರಡೂವರೆಗೆ ಮುಖವಾಡ ಕತ್ತರಿಸುವುದು. ನಾಲ್ಕೂವರೆಗೆ ಆಟ, ಆರೂಮುಕ್ಕಾಲಿಗೆ ಗಂಜಿ, ಏಳೂವರೆಗೆ ನಕ್ಷತ್ರ, ಎಂಟಕ್ಕೆ ಸಣ್ಣ ಬೆಂಕಿ, ಒಂದು ಹಾಡು, ಎಂಟೂಕಾಲಕ್ಕೆ ಮನೆಗೆ. ಶನಿವಾರ ಎಂಟಕ್ಕೆ ಅವಲಕ್ಕಿ, ಒಂಬತ್ತಕ್ಕೆ ಬಣ್ಣ, ಹತ್ತರಿಂದ ನೆರಳು, ಅದರ ನಡುವೆಯೇ ಸುರಂಗ. 12:30ರಿಂದ 12:55 ಎಲ್ಲರೂ ಕೋಲಿನ ಹತ್ತಿರ, ಒಂದಕ್ಕೆ ಊಟ, ಎರಡಕ್ಕೆ ಪತ್ರಿಕೆ ಅಂಟಿಸುವುದು, ಮೂರಕ್ಕೆ ಕೊನೆಯ ನೆರಳು. ಕಾಯಿ ಲೆಕ್ಕಕ್ಕೆ ಹನ್ನೊಂದು, ಕರಿಹಲಗೆಯವರ ಸುದ್ದಿ ನೋಡಿ ಹದಿಮೂರು ಹೇಳಿದ್ದೇನೆ.

ಹಾಳೆ 42 ಸಾಕಾ?

ಬಾಯಾರು ಮಾಷ್ಟ್ರು

60 ತರಿಸಿ. ಹತ್ತು ಸೀಳುತ್ತದೆ. ಉಳಿದದ್ದು ಶುಕ್ರವಾರದ ಆಟಕ್ಕೆ, ಹಾಳೆಯ ಮೇಲೆ ಒಬ್ಬ ಕೂತು ಇನ್ನೊಬ್ಬ ಎಳೆಯುವುದು. ಅವಕ್ಕೆ ಸೋಗೆಯ ದಂಟು ಕಡಿಯಬಾರದು, ಹಿಡಿದು ಎಳೆಯುವುದು ಅದನ್ನೇ. ಹಾಗಾಗಿ ಎಂಟನ್ನು ಸೋಗೆ ಸಮೇತ ಬೇರೆ ತೆಗೆದಿಡಲು ತರುವವರಿಗೆ ಮೊದಲೇ ಹೇಳಿ. ಎಳೆಯುವುದು ಹುಲ್ಲಿನ ಮೇಲೆ ಅಥವಾ ಮರಳಿನಲ್ಲಿ. ಮುರಕಲ್ಲಿನ ಅಂಗಳದಲ್ಲಿ ಎರಡು ಸುತ್ತಿಗೆ ಹಾಳೆ ತೂತು, ಚಡ್ಡಿಯೂ ತೂತು.